ಹೊಗೆಯೂ ಇಲ್ಲ, ಕಲ್ಲೂ ಇಲ್ಲ

ಚಿಕ್ಕಂದಿನಲ್ಲಿ ಮನೆಯವರ ಜೊತೆ ನೋಡಲು ಹೋದ ಹೆಸರುವಾಸಿ ಜಾಗ ಯಾವುದು, ಅದು ಅಂದುಕೊಂಡ ಹಾಗೇ ಇತ್ತಾ ಅಂತ ಕೇಳಿದ್ದೀರಿ. ನನ್ನದು ಹೊಗೆನಕಲ್ ಜಲಪಾತ. ಅಂದುಕೊಂಡ ಹಾಗೆ ಇರೋದಿರಲಿ, ನಾವು ಹೋದ ದಿನ ಅಲ್ಲಿ ಜಲಪಾತವೇ ಇರಲಿಲ್ಲ.

ನಮ್ಮದು ಹೊಸೂರಿನ ಪಕ್ಕದ ಹಳ್ಳಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್ಸಿನ ಬೋರ್ಡು ತಮಿಳು. ಕೃಷ್ಣಗಿರಿ ಜಿಲ್ಲೆ ಆಗಿದ್ದು 2004ರಲ್ಲಿ, ಅಲ್ಲಿವರೆಗೆ ನಾವೆಲ್ಲ ಧರ್ಮಪುರಿ ಜಿಲ್ಲೆಯವರೇ. ನಾವು ಹೋದಾಗ ನಾನು ಆರನೇ ಕ್ಲಾಸು. ತಮಿಳು ಪಂಚಾಂಗದ ಆಡಿ ತಿಂಗಳ 18ನೇ ದಿನ, ಅಂದರೆ ಆಗಸ್ಟ್ ಶುರುವಿನಲ್ಲಿ, ನಮ್ಮ ಕಡೆ ಕಾವೇರಿಗೆ ಪೂಜೆ. ಆಡಿ ಪೆರುಕ್ಕು ಅಂತಾರೆ. ಆ ದಿನವೇ ಹೊಳೆಯಲ್ಲಿ ಮುಳುಗು ಹಾಕಬೇಕು ಅಂತ ಅಜ್ಜಿ ಹಟ ಹಿಡಿದಳು. ಅಮ್ಮನಿಗೆ ಹೆದರಿಕೆ. ಹೊಳೆಯ ಆಚೆ ಕಾಡಿನಲ್ಲಿ ವೀರಪ್ಪನ್ ಓಡಾಡುತ್ತಿದ್ದ ಕಾಲ ಅದು. ಅವನ ಹುಟ್ಟೂರು ಗೋಪಿನಾಥಂ ಆ ಕಡೆಯೇ. "ನಮ್ಮನ್ನ ಹಿಡ್ಕೊಂಡೋದ್ರೆ ಅವನಿಗೇನು ಸಿಗ್ತದೆ, ಚಿತ್ರಾನ್ನಾನಾ?" ಅಂದರು ಅಪ್ಪ. ಅಲ್ಲಿಗೆ ಮಾತು ಮುಗಿಯಿತು.

ಧರ್ಮಪುರಿಯಲ್ಲಿ ಇಳಿದು ಬಸ್ ಬದಲಿಸಿದೆವು. ಪೆನ್ನಾಗರಂನಲ್ಲಿ ಇನ್ನೊಂದು ಸಲ. ಅಲ್ಲಿ ಬಸ್ಸಿನ ಬೋರ್ಡನ್ನು ನಾನೇ ಜೋರಾಗಿ ಓದಿದೆ: "ಒಗೇನಕ್ಕಲ್". ತಮಿಳಿನಲ್ಲಿ ಬರೆಯುವಾಗ ಮೊದಲ 'ಹ' ಬಿದ್ದುಹೋಗುತ್ತದೆ. ಹಾಗಂದ್ರೆ ಏನು ಅಂತ ಅಪ್ಪನನ್ನು ಕೇಳಿದೆ. ಉತ್ತರ ಕೊಟ್ಟಿದ್ದು ಅಕ್ಷರವೇ ಬಾರದ ಅಜ್ಜಿ. "ಒಗೆ ಅಲ್ಲ ಕಣ್ಲಾ, ಹೊಗೆ. ಹೊಗೆನ ಕಲ್ಲು. ನೀರು ಬಿದ್ದ ಏಟಿಗೆ ಬಂಡೆಯಿಂದ ಹೊಗೆ ಎದ್ದಂಗೆ ಕಾಣ್ತದೆ. ನಮ್ಮ ಮಾತೇ ಅದು." ಶಾಲೆಯಲ್ಲಿ ತಮಿಳು ಓದುತ್ತಿದ್ದ ನನಗೆ ಅಷ್ಟು ದೊಡ್ಡ ಜಾಗದ ಹೆಸರು ನಮ್ಮ ಅಡುಗೆಮನೆಯ ಮಾತಿನಲ್ಲಿದೆ ಅಂತ ಗೊತ್ತೇ ಇರಲಿಲ್ಲ. ಘಾಟಿ ಇಳಿಯುವವರೆಗೂ ಹೊಗೆ ಕಾಣುತ್ತಾ ಅಂತ ಕಿಟಕಿಯಿಂದ ಇಣುಕುತ್ತಲೇ ಇದ್ದೆ.

ಬಸ್ ಇಳಿದಾಗ ಮೊದಲು ಸದ್ದು. ಆಮೇಲೆ ಕಂಡಿದ್ದು ನೀರು, ಕೆಂಪು ಮಣ್ಣು ಕದಡಿದ ನೀರು, ಈ ದಡದಿಂದ ಆ ಕಾಡಿನವರೆಗೆ ಒಂದೇ ಸಮ. ಮರಗಳು ಸೊಂಟದವರೆಗೆ ಮುಳುಗಿ ನಿಂತಿದ್ದವು. ದಡದಲ್ಲಿ ಹಗ್ಗ ಕಟ್ಟಿ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಕೆಆರ್‌ಎಸ್, ಕಬಿನಿ ಎರಡೂ ತುಂಬಿ ನೀರು ಬಿಟ್ಟಿದ್ದರು. ಹೊಗೆನಕಲ್ ಅಂದರೆ ಜೋಗದ ಥರ ಎತ್ತರದಿಂದ ಬೀಳುವ ನೀರಲ್ಲ. ಕಾವೇರಿ ಬಂಡೆಗಳ ನಡುವೆ ಹತ್ತಾರು ಕವಲಾಗಿ ಒಡೆದು, ಇಕ್ಕಟ್ಟಾದ ಕಲ್ಲಿನ ಕೊರಕಲಿಗೆ ಬೀಳುತ್ತದೆ. ನೆರೆ ಬಂದರೆ ಆ ಕೊರಕಲೇ ತುಂಬಿ ಮೇಲಿನ ನೀರು, ಕೆಳಗಿನ ನೀರು ಒಂದಾಗಿಬಿಡುತ್ತದೆ. ಆಮೇಲೆ ಬೀಳೋದೆಲ್ಲಿಗೆ? ಇದೆಲ್ಲ ನನಗೆ ತಿಳಿದಿದ್ದು ಎಷ್ಟೋ ವರ್ಷದ ಮೇಲೆ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಸುಮಾರು ಹೊತ್ತು ನೋಡಿದಳು. "ಹೊಗೆನೂ ಇಲ್ಲ, ಕಲ್ಲೂ ಇಲ್ಲ. ಹೆಸರೇ ಕೊಚ್ಕೊಂಡೋಯ್ತಲ್ಲೋ!" ಅಂದಳು.

ಮುಳುಗು ಹಾಕದೆ ಬರುವವಳಲ್ಲ ಅವಳು. ಯಾರೋ ಪೂಜೆಗೆ ಅಂತ ಬಿಂದಿಗೆಯಲ್ಲಿ ಹೊಳೆ ನೀರು ತುಂಬಿಸಿಕೊಂಡಿದ್ದರು. ಅವರ ಹತ್ತಿರ ಒಂದು ಚೊಂಬು ಕೇಳಿ ಇಸ್ಕೊಂಡು, ಅಲ್ಲೇ ನಿಂತು ತಲೆಗೆ ಸುರಿದುಕೊಂಡಳು. ಕೆಂಪು ನೀರು ಬಿಳಿ ಕೂದಲಿನಿಂದ ಇಳಿದು ಅವಳ ಬಿಳಿ ರವಿಕೆ ಮೇಲೆ ಮಣ್ಣಿನ ಗೆರೆ ಎಳೆಯಿತು. ಮೂರು ಸಲ ಒಗೆದರೂ ಹೋಗಲಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾಳೆ. ದಡದ ಮೇಲೆ ಹೆಂಗಸರು ಸೌದೆ ಒಲೆಯಲ್ಲಿ ಮಸಾಲೆ ಸವರಿದ ಮೀನು ಹುರಿಯುತ್ತಿದ್ದರು. ಪೂಜೆ ದಿನ ಅಂತ ಅಜ್ಜಿ ಮುಟ್ಟಲಿಲ್ಲ. ಅವಳ ಪಾಲಿನದೂ ನಾನೇ ತಿಂದೆ. ನಿಜ ಹೇಳಬೇಕು ಅಂದ್ರೆ, ಜಲಪಾತ ಕಾಣದ ಬೇಜಾರು ಅಲ್ಲಿಗೆ ಅರ್ಧ ಹೋಗಿತ್ತು.

ಎರಡು ವರ್ಷ ಬಿಟ್ಟು ಜನವರಿಯಲ್ಲಿ ಮತ್ತೆ ಹೋದೆವು. ಮಂಡಿ ನೋವು ಅಂತ ಅಜ್ಜಿ ಬರಲಿಲ್ಲ. ಈ ಸಲ ಕಲ್ಲೂ ಇತ್ತು, ಹೊಗೆಯೂ ಇತ್ತು. ಹರಿಗೋಲಿನಲ್ಲಿ (ಅಲ್ಲಿ ಪರಿಸಲ್ ಅಂತಾರೆ) ಕಲ್ಲುಗೋಡೆಗಳ ನಡುವೆ ಸಾಗುತ್ತಿದ್ದಾಗ ಇನ್ನೊಂದು ಹರಿಗೋಲು ಪಕ್ಕಕ್ಕೆ ಬಂತು. ನೋಡಿದರೆ ಅಂಗಡಿ! ನೀರಿನ ಮೇಲೆ ಬಿಸ್ಕತ್ತು, ಚಿಪ್ಸು ವ್ಯಾಪಾರ. ಜಲಪಾತದ ಹತ್ತಿರ ಹೋದಾಗ ಹನಿ ಮುಖಕ್ಕೆ ಹೊಡೆಯಿತು. ಮನೆಗೆ ಬಂದು ಅಜ್ಜಿಗೆ ಹೊಗೆ ಕಂಡೆ ಅಂದೆ. "ನಾನು ಹೇಳ್ಲಿಲ್ವಾ?" ಅಂದಳು ಅಷ್ಟೇ.

ನೀವು ಹೋಗೋದಾದರೆ ಮಳೆಗಾಲದಲ್ಲಿ ಪೇಪರಿನಲ್ಲಿ ಬಿಳಿಗುಂಡ್ಲು ಲೆಕ್ಕ ನೋಡಿ. ಕರ್ನಾಟಕದಿಂದ ಬರುವ ಕಾವೇರಿ ನೀರನ್ನು ಅಳೆಯೋದು ಅಲ್ಲೇ, ಹೊಗೆನಕಲ್‌ಗಿಂತ ಸ್ವಲ್ಪ ಮೇಲೆ. ಕ್ಯೂಸೆಕ್ಸ್ ಸಂಖ್ಯೆ ಒಂದೇ ಸಮ ಏರುತ್ತಿದ್ದರೆ ಸುಮ್ನೆ ಮನೆಯಲ್ಲಿರಿ. ಹರಿಗೋಲೂ ಇರಲ್ಲ, ಸ್ನಾನವೂ ಇರಲ್ಲ.

ನಾವೀಗ ಹೊಸೂರಿನಲ್ಲೇ ಇದ್ದೇವೆ. ಹೊಗೆನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಆ ನೀರು ಈಗ ನಮ್ಮ ಮನೆ ನಲ್ಲಿಗೂ ಬರುತ್ತದೆ. ನೀರು ಬಿಟ್ಟ ದಿನ ಬೆಳಿಗ್ಗೆ ಅಮ್ಮ ಅಂಗಳದಿಂದಲೇ ಕೂಗುತ್ತಾಳೆ: "ಹೊಗೆನಕಲ್ ಬಂತು, ಬಿಂದಿಗೆ ತಗೊಂಬಾ!"