ಟರ್ಕಿ ಕೋಳಿಯನ್ನು ಮೊದಲ ಸಾಲಿಗೆ ತನ್ನಿ

ನಮಸ್ಕಾರ,

ಚಿತ್ರದುರ್ಗದಿಂದ ನೀವು ಕಳಿಸಿದ ‘ಗಾಬಲ್ಡಿಗೂಕ್: ಒಂದು ಪದದ ಹುಟ್ಟು’ ಲೇಖನವನ್ನು ಎರಡು ಸಲ ಓದಿದೆ. ಯಾರಿಗೂ ತಿಳಿಯದ ಕಚೇರಿ ಭಾಷೆಗೆ ಇಂಗ್ಲಿಷಿನಲ್ಲಿರುವ ಹೆಸರು ಅದು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಡಲೂ ಮನಸ್ಸು ಬರುತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ವಾಕ್ಯ ನೋಡಿ. ‘ಆಡಳಿತಾತ್ಮಕ ಸಂವಹನ ಪ್ರಕ್ರಿಯೆಯಲ್ಲಿ ಭಾಷಿಕ ಸಂಕೀರ್ಣತೆಯ ಅನುಷ್ಠಾನವು ಗ್ರಹಿಕೆಯ ಮೇಲೆ ಪ್ರತಿಕೂಲ ಪರಿಣಾಮ ಉಂಟುಮಾಡುತ್ತದೆ.’ ಇದನ್ನೇ ಮನೆಯಲ್ಲಿ ಅಮ್ಮನಿಗೆ ಹೇಳುವುದಾದರೆ ‘ಆಫೀಸಿನವರು ಬರೆಯೋದು ಯಾರಿಗೂ ತಿಳಿಯಲ್ಲ’ ಅಂತೀರಿ, ಅಲ್ವಾ? ಹಾಗೇ ಬರೆಯಿರಿ.

ಬೇಜಾರಿನ ವಿಷಯ ಅಂದರೆ, ಒಳ್ಳೇ ಕತೆಯನ್ನು ನಾಲ್ಕನೇ ಪುಟಕ್ಕೆ ತಳ್ಳಿದ್ದೀರಿ. 1944ರಲ್ಲಿ, ಯುದ್ಧ ನಡೆಯುತ್ತಿರುವಾಗ, ಅಮೆರಿಕದಲ್ಲಿ ಸಣ್ಣ ಕಾರ್ಖಾನೆಗಳನ್ನು ನೋಡಿಕೊಳ್ಳುವ ಸರ್ಕಾರಿ ನಿಗಮಕ್ಕೆ ಮೌರಿ ಮ್ಯಾವರಿಕ್ ಅಧ್ಯಕ್ಷ. ಉದ್ದುದ್ದ ಟಿಪ್ಪಣಿ ಓದಿ ಓದಿ ಸಾಕಾಗಿ, ಚಿಕ್ಕದಾಗಿ ಬರೆಯಿರಿ, ಗಾಬಲ್ಡಿಗೂಕ್ ಬೇಡ ಅಂತ ಸಿಬ್ಬಂದಿಗೆ ಆದೇಶ ಹೊರಡಿಸಿದ. ಆ ಪದ ಎಲ್ಲಿಂದ ಬಂತು ಅಂದವರಿಗೆ, ಬಹುಶಃ ನಮ್ಮ ಟೆಕ್ಸಾಸಿನ ಗಂಡು ಟರ್ಕಿ ಕೋಳಿಯಿಂದ ಅಂದ. ಎದೆಯುಬ್ಬಿಸಿಕೊಂಡು, ಗತ್ತಿನಲ್ಲಿ ಓಡಾಡುತ್ತಾ ಗಾಬಲ್ ಗಾಬಲ್ ಅನ್ನುತ್ತೆ, ಕೊನೆಗೊಂದು ‘ಗೂಕ್’. ಇಷ್ಟೇ. ಆ ಕೋಳಿಯೇ ನಿಮ್ಮ ಮೊದಲ ಸಾಲಾಗಬೇಕು.

ಅದೇ ಆದೇಶದಲ್ಲಿ ‘ಇಂಪ್ಲಿಮೆಂಟೇಶನ್’ ಅನ್ನುವ ಪದ ಬಳಸಿದವರಿಗೆ ಗುಂಡು ಹೊಡೆಯಲಾಗುತ್ತದೆ ಅಂತಲೂ ಇತ್ತು. ನಮ್ಮ ಕಚೇರಿ ಕನ್ನಡದಲ್ಲಿ ಅದೇ ‘ಅನುಷ್ಠಾನ’. ನಿಮ್ಮ ಲೇಖನದಲ್ಲಿ ಅದು ಹನ್ನೊಂದು ಸಲ ಬಂದಿದೆ, ಎಣಿಸಿದ್ದೇನೆ. ಮೌರಿಯ ಅಜ್ಜ ಸ್ಯಾಮ್ಯುಯೆಲ್ ತನ್ನ ದನಗಳಿಗೆ ಒಡೆಯನ ಗುರುತಿನ ಮುದ್ರೆ ಒತ್ತಿಸದೆ ಬಿಟ್ಟಿದ್ದರಿಂದ, ಯಾರ ಗುಂಪಿಗೂ ಸೇರದೆ ತನ್ನದೇ ದಾರಿ ಹಿಡಿದವನಿಗೆ ‘ಮ್ಯಾವರಿಕ್’ ಅನ್ನೋ ಪದ ಹುಟ್ಟಿದ ವಿಚಾರ ಚೆನ್ನಾಗಿದೆ, ಆದರೆ ಒಂದು ಪ್ಯಾರಾ ಸಾಕು.

ಮೂರನೇ ಪುಟದ ಮಾತನ್ನಂತೂ ನಾನು ಒಪ್ಪುವುದಿಲ್ಲ. ಕಸುಬಿನ ಪದಗಳೆಲ್ಲ ಗಾಬಲ್ಡಿಗೂಕ್ ಅಂದುಬಿಟ್ಟಿದ್ದೀರಿ. ಚನ್ನಗಿರಿಯ ಅಡಿಕೆ ವ್ಯಾಪಾರಿ ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಗಳನ್ನು ಹೇಳಿದರೆ ನಿಮಗೆ ತಿಳಿಯದಿರಬಹುದು. ಕೇಳಿದರೆ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು ತೋರಿಸುತ್ತಾನೆ. ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಸೂಕ್ತ ಕ್ರಮ’ ಅಂದವರು ಏನು ತೋರಿಸುತ್ತಾರೆ? ಈ ವ್ಯತ್ಯಾಸವೇ ನಿಮ್ಮ ಲೇಖನದ ಜೀವ, ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ.

ನಾನು ಇದಕ್ಕೆ ಇಷ್ಟೊಂದು ಹಟ ಹಿಡಿಯಲು ಕಾರಣ ಇದೆ. ಸುಮಾರು ವರ್ಷದ ಹಿಂದೆ ದಾವಣಗೆರೆಯಲ್ಲೇ ಒಂದು ಕಚೇರಿಯ ಮೆಟ್ಟಿಲ ಮೇಲೆ ಜಗಳೂರು ಕಡೆಯ ಅಜ್ಜ ಒಬ್ಬರು ನನ್ನ ಕೈಗೆ ಒಂದು ಪತ್ರ ಕೊಟ್ಟರು. ಮಡಿಸಿ ಮಡಿಸಿ ಮಡಿಕೆಯಲ್ಲೇ ಹರಿದಿತ್ತು. ‘ಸದರಿ ಪ್ರಸ್ತಾವನೆಯು ಪರಿಶೀಲನಾ ಹಂತದಲ್ಲಿರುವುದರಿಂದ ಮುಂದಿನ ಆದೇಶದವರೆಗೆ...’ ಅಂತ ನಾನು ಓದುತ್ತಿದ್ದರೆ ಅವರು ತಡೆದು, ‘ಕೊಡ್ತಾರಂತೋ ಇಲ್ಲಂತೋ, ಅಷ್ಟು ಹೇಳಪ್ಪಾ’ ಅಂದರು. ನಾನು ಮತ್ತೆ ಮೇಲಿಂದ ಓದಿದೆ. ನನಗೂ ಗೊತ್ತಾಗಲಿಲ್ಲ. ಎರಡು ಬಸ್ಸು ಬದಲಾಯಿಸಿ ಬಂದಿದ್ದರು ಅವರು.

ನಿಮ್ಮ ಊರಲ್ಲೂ ಇಂಥ ಪತ್ರ ಸಿಕ್ಕೇ ಸಿಗುತ್ತದೆ. ಒಂದನ್ನು ಹುಡುಕಿ, ಹೆಸರು ವಿಳಾಸ ತೆಗೆದು, ಎರಡು ಸಾಲು ಲೇಖನದಲ್ಲಿ ಇಡಿ. ಅದರ ಪಕ್ಕದಲ್ಲೇ ಅದರ ಅರ್ಥ ಸುಮ್ನೆ ಮಾತಾಡುವ ಕನ್ನಡದಲ್ಲಿ ಬರೆಯಿರಿ. ಏಳು ಪುಟ ಬೇಡ, ಮೂರಕ್ಕೆ ಇಳಿಸಿ. ಕಳಿಸುವ ಮುಂಚೆ ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ, ಅವರು ‘ಏನಂದೆ?’ ಅಂದ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳಿ. ತಿದ್ದಿದ ಪ್ರತಿ ಬಂದ ದಿನವೇ ಕೂತು ಓದುತ್ತೇನೆ.