ಅಧ್ಯಕ್ಷೆಯೋ, ಅಧ್ಯಕ್ಷರೋ?

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಗೆ ಈ ಸಲ ಹೆಣ್ಣುಮಗಳೊಬ್ಬರು ಆಯ್ಕೆಯಾಗಿದ್ದಾರೆ. ನಾಮಫಲಕದಲ್ಲಿ ‘ಅಧ್ಯಕ್ಷರು’ ಎಂದಿರಲಿ ಅಂತ ಕೆಲವರು, ‘ಅಧ್ಯಕ್ಷೆ’ ಅಂತ ಕೆಲವರು. ಆಹ್ವಾನ ಪತ್ರಿಕೆಯೊಂದರಲ್ಲಿ ‘ಅಧ್ಯಕ್ಷಿಣಿ’ ಎಂದೂ ಅಚ್ಚಾಗಿತ್ತು. ಯಾವುದು ಸರಿ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ‘ಅಧ್ಯಕ್ಷಿಣಿ’ಯನ್ನು ಮೊದಲು ಬಿಟ್ಟುಬಿಡಿ. ವಿದ್ಯಾರ್ಥಿ–ವಿದ್ಯಾರ್ಥಿನಿ, ತಪಸ್ವಿ–ತಪಸ್ವಿನಿ ಎಂಬಲ್ಲಿ ಒಪ್ಪುವ ಆ ರೂಪ ಇಲ್ಲಿ ಹೊಂದುವುದಿಲ್ಲ. ಸದಸ್ಯ–ಸದಸ್ಯೆ, ಸಚಿವ–ಸಚಿವೆ ಆದ ಹಾಗೆ ಅಧ್ಯಕ್ಷ–ಅಧ್ಯಕ್ಷೆ. ‘ಮಹಿಳಾ ಅಧ್ಯಕ್ಷೆ’ ಎಂದು ಬರೆಸುವುದೂ ಬೇಡ; ಹೆಣ್ಣು ಎಂಬುದನ್ನು ಎರಡು ಸಲ ಹೇಳಿದಂತಾಗುತ್ತದೆ.

ಉಳಿದ ಎರಡೂ ವ್ಯಾಕರಣಕ್ಕೆ ಸರಿಯೇ. ಗೌರವದ ‘ಅರು’ ಗಂಡು ಹೆಣ್ಣು ಎಂದು ಬೇರ್ಪಡಿಸುವುದಿಲ್ಲ, ಇದು ಕನ್ನಡದ ದೊಡ್ಡ ಗುಣ. 1972ರಲ್ಲಿ ಕೆ.ಎಸ್. ನಾಗರತ್ನಮ್ಮನವರು ನಮ್ಮ ವಿಧಾನಸಭೆಗೆ ಸಭಾಧ್ಯಕ್ಷರಾದ ಮೊದಲ ಹೆಣ್ಣುಮಗಳು. ‘ಸಭಾಧ್ಯಕ್ಷರು’ ಎಂದರೆ ಅವರಿಗೇನೂ ಕಡಿಮೆಯಾಗುವುದಿಲ್ಲ. 2007ರಲ್ಲಿ ಪ್ರತಿಭಾ ಪಾಟೀಲ್ ಆಯ್ಕೆಯಾದಾಗ ‘ರಾಷ್ಟ್ರಪತಿ’ ಎನ್ನಬಹುದೇ ಎಂದು ಹಲವರು ಕೇಳಿದ್ದರು. ಅಲ್ಲಿ ‘ಪತಿ’ ಎಂದರೆ ಒಡೆತನ ಹೊತ್ತವರು, ಗಂಡ ಅಲ್ಲ.

ಆದರೂ ನಿಮ್ಮ ಫಲಕಕ್ಕೆ ನಾನು ‘ಅಧ್ಯಕ್ಷೆ’ಯನ್ನೇ ಆರಿಸುತ್ತೇನೆ. ಕಾರಣ ನಮ್ಮ ಚಿಕ್ಕಮ್ಮ. 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಅವರು ಊರಿನ ಪಂಚಾಯಿತಿಗೆ ಅಧ್ಯಕ್ಷರಾದರು. ಬೆಳಗಾದರೆ ಬಾಗಿಲಲ್ಲಿ ಜನ: ‘ಅಧ್ಯಕ್ಷರು ಇದ್ದಾರಾ?’ ರಾಗಿಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿಕ್ಕಮ್ಮ ಹೊರಗೆ ಬರುತ್ತಿದ್ದರು: ‘ಇದ್ದೀನಿ, ಏನಾಗಬೇಕಿತ್ತು?’ ಬಂದವರ ಕಣ್ಣು ಮಾತ್ರ ಅವರನ್ನು ದಾಟಿ ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ಚಿಕ್ಕಪ್ಪನನ್ನು ಹುಡುಕುತ್ತಿತ್ತು. ವರ್ಷ ಕಳೆಯುವುದರೊಳಗೆ ಊರಿಗೆಲ್ಲ ಚಿಕ್ಕಪ್ಪ ‘ಅಧ್ಯಕ್ಷರು’, ಗೆದ್ದು ಬಂದ ಚಿಕ್ಕಮ್ಮ ‘ಅಧ್ಯಕ್ಷರ ಮನೆಯವರು’. ನೀರಿನ ಕೊಳವೆಬಾವಿ ಎಲ್ಲಿ ಕೊರೆಸಬೇಕು ಎಂಬ ಅರ್ಜಿಯನ್ನೂ ಅವರೆದುರೇ ಚಿಕ್ಕಪ್ಪನ ಕೈಗೆ ಕೊಡುತ್ತಿದ್ದರು. ಚಿಕ್ಕಮ್ಮ ಅದನ್ನು ಹೇಳಿಕೊಂಡು ಅತ್ತದ್ದನ್ನು ನಾನು ಕಂಡಿದ್ದೇನೆ.

ಹೆಣ್ಣಿಗೂ ಸಲ್ಲುವ ‘ಅಧ್ಯಕ್ಷರು’ ಹೀಗೆ ಸದ್ದಿಲ್ಲದೆ ಗಂಡನ ಹೆಗಲಿಗೆ ಜಾರಿತು. ‘ಅಧ್ಯಕ್ಷೆ’ ಹಾಗೆ ಜಾರುವ ಮಾತಲ್ಲ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾದ ಈ ಕಾಲದಲ್ಲೂ ಅದರ ಅಗತ್ಯ ಹೋಗಿಲ್ಲ.

ಎದುರಿಗೆ ಮಾತಾಡುವಾಗ ‘ಅಧ್ಯಕ್ಷರೇ’ ಎಂದೇ ಕರೆಯಿರಿ, ಅವರ ಮುಖ ನೋಡಿ. ಸುದ್ದಿ ಬರೆಯುವಾಗ ‘ಅಧ್ಯಕ್ಷೆ ಉದ್ಘಾಟಿಸಿದರು’ ಎನ್ನಿ, ‘ಉದ್ಘಾಟಿಸಿದಳು’ ಬೇಡ. ಫಲಕದ ಮೇಲೆ ಅವರ ಹೆಸರು ಪೂರ್ತಿಯಾಗಿರಲಿ. ಕೆಳಗೆ ಮೊಬೈಲ್ ನಂಬರ್ ಹಾಕಿಸುವುದಾದರೆ ಅವರದ್ದನ್ನೇ ಹಾಕಿಸಿ.