ಸಂಪಾದಕರ ಉತ್ತರ: ಎಂ.ಎಸ್ಸಿ. ಓದಿಗೆ ಜಮೀನು ಅಡ ಇಡಬೇಕೇ?

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ ಬಂದಿದೆ. ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಆಸೆ. ಪ್ರವರ್ಗ 2ಎ, ಮೂರು ಎಕರೆ ಖುಷ್ಕಿ. ಖಾಸಗಿ ಕಾಲೇಜೊಂದು ವರ್ಷಕ್ಕೆ ಒಂದೂವರೆ ಲಕ್ಷ ಕೇಳಿದೆ. 'ಸ್ಕಾಲರ್‌ಶಿಪ್ ಆಮೇಲೆ ಬಂದೇ ಬರುತ್ತೆ, ಮೊದಲು ಸೀಟು ಹಿಡೀರಿ' ಎಂದರಂತೆ. ಜಮೀನು ಅಡ ಇಡಲೇ ಎಂದು ಕೇಳಿದ್ದಾರೆ.

ಬೇಡಿ ಸ್ವಾಮಿ. ಆ ಸೀಟಿಗೆ ಮುಂಗಡವನ್ನೂ ಕೊಡಬೇಡಿ. ಸರ್ಕಾರ ಶುಲ್ಕ ತುಂಬಿಕೊಡುವುದಾದರೂ ತಾನು ನಿಗದಿ ಮಾಡಿದಷ್ಟನ್ನೇ ಹೊರತು ಕಾಲೇಜು ಬಾಯಿಗೆ ಬಂದಂತೆ ಕೇಳಿದ್ದನ್ನಲ್ಲ. ಮೊದಲು ಖರ್ಚು ಕಡಿಮೆ ಇರುವ ಸೀಟು, ಆಮೇಲೆ ವಿದ್ಯಾರ್ಥಿವೇತನ, ಉಳಿದ ಕೊರತೆಗಷ್ಟೇ ಸಾಲ. ಈ ಕ್ರಮ ತಲೆಕೆಳಗಾದ ಮನೆಗಳಲ್ಲೇ ಸಾಲ ಬೆಳೆಯುವುದು.

ನಿಮ್ಮೂರಿಗೆ ಧಾರವಾಡ, ದಾವಣಗೆರೆ, ಶಂಕರಘಟ್ಟ ಮೂರೂ ದೂರವಲ್ಲ. ಮೂರೂ ಕಡೆ ಸರ್ಕಾರಿ ವಿಶ್ವವಿದ್ಯಾಲಯಗಳಿವೆ, ಮೂರಕ್ಕೂ ಅರ್ಜಿ ಹಾಕಿಸಿ. ಮೆರಿಟ್ ಸೀಟಿಗೂ ಪೇಮೆಂಟ್ ಸೀಟಿಗೂ ತರಗತಿ ಒಂದೇ, ಮೇಷ್ಟ್ರೂ ಅವರೇ, ಬೇರೆ ಇರುವುದು ಶುಲ್ಕ ಮಾತ್ರ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲವೆಂದು ಗಾಬರಿಯಾಗಿ ಪೇಮೆಂಟ್ ಸೀಟಿಗೆ ಹಣ ಕಟ್ಟುವವರು ಬಹಳ. ಎರಡನೆಯ, ಮೂರನೆಯ ಸುತ್ತಿನಲ್ಲಿ ಸೀಟು ಬಿಡುವವರಿರುತ್ತಾರೆ, ಕಾಯಿರಿ.

ಮಗಳು ಚುರುಕಾಗಿದ್ದರೆ ಇನ್ನೂ ಒಳ್ಳೆಯ ದಾರಿಯುಂಟು. ಐಐಟಿಗಳ ಎಂ.ಎಸ್ಸಿ.ಗೆ 'ಜ್ಯಾಮ್' ಪರೀಕ್ಷೆ ಬರೆಯಬೇಕು. ಸೆಪ್ಟೆಂಬರ್ ಹೊತ್ತಿಗೆ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ, ಕೊನೆಯ ವರ್ಷದವರೂ ಬರೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ (ಎಂ.ಎಸ್ಸಿ.ಯೂ ಪಿಎಚ್.ಡಿ.ಯೂ ಕೂಡಿದ ಕೋರ್ಸು) ಇದೇ ಅಂಕ ನಡೆಯುತ್ತದೆ. ಅಲ್ಲಿ ಓದುವವರಿಗೆ ತಿಂಗಳು ತಿಂಗಳು ಸ್ಟೈಪೆಂಡ್ ಸಿಗುತ್ತದೆ. ನಮ್ಮ ಪದವಿ ಕಾಲೇಜುಗಳಲ್ಲಿ ಈ ಮಾತು ಹೇಳುವವರೇ ಕಡಿಮೆ.

ಇನ್ನು ವಿದ್ಯಾರ್ಥಿವೇತನ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಸ್ನಾತಕೋತ್ತರ ವಿದ್ಯಾರ್ಥಿವೇತನ ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು, ಎರಡು ವರ್ಷ. ದೇಶಕ್ಕೆಲ್ಲ 10,000 ಮಂದಿಗೆ, ಅದರಲ್ಲಿ 30% ಹೆಣ್ಣುಮಕ್ಕಳಿಗೆ. ಆಯ್ಕೆ ಪದವಿಯ ಅಂಕದ ಮೇಲೆ. ಎಂ.ಎಸ್ಸಿ. ಸೇರಿದ ಮೊದಲ ವರ್ಷವೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಎರಡನೆಯ ವರ್ಷ ನೆನಪಾದರೆ ಪ್ರಯೋಜನವಿಲ್ಲ.

ರಾಜ್ಯದ್ದು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಶುಲ್ಕ ವಿನಾಯಿತಿ, ವಿದ್ಯಾಸಿರಿ ಎಲ್ಲಕ್ಕೂ ಬಾಗಿಲು ಅದೇ. ಹಾಸ್ಟೆಲ್ ಸಿಗದವರಿಗೆ ಊಟ ವಸತಿಗೆಂದು ತಿಂಗಳು ತಿಂಗಳು ಕೊಡುವ ಹಣವೇ ವಿದ್ಯಾಸಿರಿ, ವರ್ಷಕ್ಕೆ 10 ತಿಂಗಳು. ಆದರೆ ಹಿಂದುಳಿದ ವರ್ಗಗಳ ಹಾಸ್ಟೆಲ್ ಸಿಕ್ಕರೆ ಅದನ್ನೇ ಹಿಡಿಯಿರಿ, ಊಟ ವಸತಿಯ ಬೆಲೆ ಆ ಹಣಕ್ಕಿಂತ ಎಷ್ಟೋ ಹೆಚ್ಚು.

ಅರ್ಜಿ ಮುಗ್ಗರಿಸುವುದು ಸಣ್ಣ ಸಂಗತಿಗಳಲ್ಲಿ. ಅಂಕಪಟ್ಟಿಯಲ್ಲಿ 'ಸವಿತಾ ಬಿ.', ಆಧಾರ್‌ನಲ್ಲಿ 'ಸವಿತಾ ಬಸಪ್ಪ' ಎಂದಿದ್ದರೆ ಅಲ್ಲೇ ನಿಂತಿತು. ಆರ್‌ಡಿ ಸಂಖ್ಯೆ (ಪತ್ರದ ಮೇಲಿನ ಕ್ರಮಸಂಖ್ಯೆ) ಇರುವ ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮೀರಿರಬಾರದು. ದಾಖಲೆಗಳಿಗೆ ಕಾಲೇಜಿನಲ್ಲಿ ಇ-ದೃಢೀಕರಣ (ಆನ್‌ಲೈನ್ ದೃಢೀಕರಣ) ಮಾಡಿಸಬೇಕು, ಕೊನೆಯ ವಾರಕ್ಕೆ ಹೋದರೆ ಸರದಿ ಸಿಗುವುದಿಲ್ಲ. ಹಣ ಬರುವುದು ನೀವು ಬರೆದುಕೊಟ್ಟ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಎಂದೋ ತೆರೆದು ಮರೆತ ಖಾತೆಗೆ ಜಮೆಯಾಗಿದ್ದರೂ ಹಣವೇ ಬಂದಿಲ್ಲವೆಂದು ಅಲೆಯುವವರಿದ್ದಾರೆ. ಈ ಜೋಡಣೆಗೆ ಬ್ಯಾಂಕಿನವರು ಎನ್‌ಪಿಸಿಐ ಮ್ಯಾಪಿಂಗ್ ಎನ್ನುತ್ತಾರೆ, 'ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗಿದೆ' ಎಂದೇ ಕೇಳಿ.

ಇಷ್ಟೆಲ್ಲ ಸರಿಯಿದ್ದರೂ ಹಣ ಕೈಗೆ ಬರುವುದು ಪ್ರವೇಶವಾಗಿ ಎಷ್ಟೋ ತಿಂಗಳ ಮೇಲೆ. ಮೊದಲ ಸೆಮಿಸ್ಟರಿನ ಶುಲ್ಕ ಮತ್ತು ಮೆಸ್ ಠೇವಣಿಯನ್ನು ಬೇರೆಯಾಗಿಯೇ ಹೊಂದಿಸಿಕೊಳ್ಳಿ.

ಸಾಲವೇ ಬೇಕಾದರೆ, 4 ಲಕ್ಷದವರೆಗಿನ ಶೈಕ್ಷಣಿಕ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ. ಪಹಣಿ ತನ್ನಿ ಎಂದರೆ ಈ ಮಾತು ಹೇಳಿ, ಒಪ್ಪದಿದ್ದರೆ ನಿರಾಕರಣೆಯನ್ನು ಬರಹದಲ್ಲಿ ಕೇಳಿ. ಸಹ-ಅರ್ಜಿದಾರರು ನೀವೇ ಆದ್ದರಿಂದ ಬೆಳೆಸಾಲ ಸುಸ್ತಿಯಾಗಿದ್ದರೆ ಮೊದಲು ಅದನ್ನು ನವೀಕರಿಸಿಕೊಳ್ಳಿ. ಓದಿನ ಅವಧಿ ಮತ್ತು ಮೇಲೊಂದು ವರ್ಷ ಕಂತು ಇರುವುದಿಲ್ಲ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಆ ಕಾಲೇಜು ಕೇಳಿದ ಒಂದೂವರೆ ಲಕ್ಷವನ್ನು ಎರಡು ವರ್ಷ 10% ಬಡ್ಡಿಗೆ ತಂದರೆ, ಕಂತು ಶುರುವಾಗುವಷ್ಟರಲ್ಲಿ ಸರಳ ಬಡ್ಡಿಯೇ 75,000. ಮೂರು ಲಕ್ಷ ಮೂರೂ ಮುಕ್ಕಾಲಾಗಿ, ಐದು ವರ್ಷದ ಕಂತು ತಿಂಗಳಿಗೆ ಸುಮಾರು 7,970. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಸುಮಾರು 6,375.

4.5 ಲಕ್ಷದೊಳಗಿನ ಆದಾಯದವರಿಗೆ ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರ ಪೂರ್ತಿ ಭರಿಸುವ ಯೋಜನೆ ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ ಮೀಸಲು, ಬರೀ ಎಂ.ಎಸ್ಸಿ.ಗೆ ಅನ್ವಯಿಸದು. 2024ರಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದವರೆಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿ ಇದೆ. ಆದರೆ ಕೇಂದ್ರದ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಸೀಟಿಗಿಲ್ಲ, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವವರಿಗೂ ಇಲ್ಲ. ಮಗಳಿಗೆ ಯುಜಿಸಿಯ ಹಣ ಬರುವ ಸೂಚನೆಯಿದ್ದರೆ ಈ ರಿಯಾಯಿತಿಗೆ ಕೈಹಾಕಬೇಡಿ; ಯುಜಿಸಿ ಕೊಡುವ ವರ್ಷದ ಒಂದೂವರೆ ಲಕ್ಷದ ಮುಂದೆ ಈ ರಿಯಾಯಿತಿ ಲೆಕ್ಕಕ್ಕಿಲ್ಲ.